ಐದು ಮುಖಗಳಲ್ಲಿ ಎರಡು

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಎರಡು ವರ್ಷದವಳಿದ್ದಾಗ ಬಂದ ಪೋಲಿಯೋ ಎರಡೂ ಕಾಲುಗಳ ಬಲ ತೆಗೆದುಕೊಂಡು ಹೋಯಿತು. ಮೂವತ್ತೆಂಟನೆಯ ವಯಸ್ಸಿನವರೆಗೆ ಕಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡು, ಎರಡು ಊರುಗೋಲು ಊರಿ ನಡೆದೆ. ಭುಜದ ಕೀಲುಗಳು ಸವೆದಿವೆ, ಇನ್ನು ಸಾಕು ಎಂದು ಕಲಬುರಗಿಯ ಡಾಕ್ಟರು ಹೇಳಿದ ಮೇಲೆ ಗಾಲಿ ಕುರ್ಚಿಗೆ ಬಂದೆ. ಸುದ್ದಿ ಕೇಳಿ ನೆಂಟರು ಒಬ್ಬೊಬ್ಬರಾಗಿ ಬಂದು ಕಣ್ಣೀರು ಹಾಕಿ ಹೋದರು. ನನಗೆ ಮಾತ್ರ ಕೈಗಳು ಬಿಡುವಾದವು ಎನಿಸಿತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು ಪಾಠ ಮಾಡಿದ್ದು ಆ ವರ್ಷವೇ ಮೊದಲು.

ಆಗ ನಾನು ವಾಡಿಯ ಒಂದು ಶಾಲೆಯಲ್ಲಿದ್ದೆ. ಅಲ್ಲಿ ಕೋಣೆಗಳೆಲ್ಲ ನೆಲಮಟ್ಟದಲ್ಲಿದ್ದವು. ಹನ್ನೊಂದು ವರ್ಷ ತೊಂದರೆ ಇರಲಿಲ್ಲ. ಗಂಡನ ಕೆಲಸ ಸೇಡಂನಲ್ಲಿ, ನಮ್ಮ ಮನೆಯೂ ಅಲ್ಲೇ. ದಿನಾ ವಾಡಿಗೆ ಹೋಗಿ ಬರುವುದು ಸಾಕಾಗಿತ್ತು. ವರ್ಗಾವಣೆಯ ಅವಕಾಶ ಬಂದಾಗ ಸೇಡಂನಿಂದ ಚಿಂಚೋಳಿ ಕಡೆಗೆ ಹೋಗುವ ರಸ್ತೆಯಲ್ಲಿರುವ ಒಂದು ಹಳ್ಳಿಯ ಶಾಲೆಯನ್ನು ಆರಿಸಿಕೊಂಡೆ. ಹಿಂದೆ ಎರಡು ಗಾಲಿ ಹೆಚ್ಚಿಗೆ ಕೂಡಿಸಿದ ನನ್ನ ಸ್ಕೂಟಿಯಲ್ಲಿ ಇಪ್ಪತ್ತು ನಿಮಿಷದ ದಾರಿ. ಶಾಲೆಯ ಕಾಗದಗಳಲ್ಲಿ ‘ರ‍್ಯಾಂಪು ಇದೆ’ ಎಂದು ಬರೆದಿತ್ತು. ಅದನ್ನು ನಂಬಿದೆ.

ಜೂನ್ ತಿಂಗಳು, ಶಾಲೆ ಶುರುವಾದ ಮೊದಲ ದಿನ. ಗಂಡ ಬೇರೆ ಗಾಡಿಯಲ್ಲಿ ಕುರ್ಚಿ ತಂದು ಅಂಗಳದಲ್ಲಿ ಬಿಚ್ಚಿ ಕೊಟ್ಟು ತಮ್ಮ ಕೆಲಸಕ್ಕೆ ಹೋದರು. ಮನೆಯಲ್ಲಿ ಬೇರೆ ಕುರ್ಚಿ ಇದ್ದುದರಿಂದ ಇದನ್ನು ಶಾಲೆಯಲ್ಲೇ ಇಟ್ಟುಬಿಡುವುದು ನಮ್ಮ ಯೋಚನೆಯಾಗಿತ್ತು. ತಲೆ ಎತ್ತಿ ನೋಡಿದೆ. ವರಾಂಡಕ್ಕೆ ಮೂರು ಮೆಟ್ಟಿಲು, ಒಂದೊಂದೂ ಎಂಟು ಇಂಚು. ಅಂದರೆ ನೆಲದಿಂದ ಎರಡು ಅಡಿ ಎತ್ತರ. ಮೆಟ್ಟಿಲಿನ ಪಕ್ಕದಲ್ಲಿ ರ‍್ಯಾಂಪು ಇದ್ದದ್ದೂ ನಿಜ. ಉದ್ದ ಮಾತ್ರ ಐದು ಅಡಿ. ಎರಡು ಅಡಿ ಮೇಲೇರಲು ಐದು ಅಡಿ ದಾರಿ. ಹುಡುಗರು ಅದರ ಮೇಲೆ ಜಾರುಬಂಡಿ ಆಡಿ ಆಡಿ ಸಿಮೆಂಟು ನುಣ್ಣಗಾಗಿತ್ತು.

ನೋಡಿದ ಕೂಡಲೇ ಇದು ಆಗದ ಮಾತು ಎಂದು ತಿಳಿಯಿತು. ಆದರೂ ಎಲ್ಲರೂ ನೋಡುತ್ತ ನಿಂತಿದ್ದರಿಂದ ಗಾಲಿಗಳನ್ನು ಬಿಗಿಯಾಗಿ ಹಿಡಿದು ಒಮ್ಮೆ ದೂಡಿದೆ. ಮುಂದಿನ ಸಣ್ಣ ಗಾಲಿಗಳು ಗಾಳಿಯಲ್ಲಿ ಎದ್ದವು, ಕುರ್ಚಿ ಹಿಂದಕ್ಕೆ ವಾಲಿತು. ಹಿಂದೆ ನಿಂತಿದ್ದ ಇಬ್ಬರು ಶಿಕ್ಷಕರು ಹಿಡಿಯದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು.

ಹೆಡ್ ಮಾಸ್ತರು ಓಡಿ ಬಂದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಯಾರೊಂದಿಗೂ ಗಟ್ಟಿಯಾಗಿ ಮಾತಾಡದ ಮನುಷ್ಯ.

“ಚಿಂತಿ ಮಾಡಬ್ಯಾಡ್ರಿ ಮೇಡಂ. ನಾವ್ ನಾಲ್ಕ್ ಮಂದಿ ಇದ್ದೀವಿ. ಕುರ್ಚಿ ಸಮೇತ ಎತ್ತಿ ಒಳಗ ಇಡ್ತೀವಿ. ಎರಡ್ ಮಿನಿಟಿನ ಕೆಲಸ.”

“ಬ್ಯಾಡ್ರಿ ಸರ್,” ಅಂದೆ.

“ಯಾಕ್ರಿ? ನಮಗೇನೂ ತ್ರಾಸಿಲ್ಲ.”

“ನಿಮಗ ತ್ರಾಸಿಲ್ಲ ಖರೆ. ನನಗದ. ಮುಂಜಾನಿ ಎತ್ತಬೇಕು, ಸಂಜಿಗಿ ಇಳಸಬೇಕು. ಶೌಚಾಲಯ ಆ ಕಡೆ ಅಂಗಳದಾಗ ಅದ. ನಡುವ ಅಲ್ಲಿಗಿ ಹೋಗಬೇಕಂದ್ರ ನಾಲ್ಕ್ ಮಂದಿ ಗಂಡಸರಿಗಿ ಕರೀಬೇಕೇನ್ರಿ ನಾನು?”

ಅವರು ಮೆಟ್ಟಿಲಿನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. ಅವರನ್ನು ನಾಚಿಸಬೇಕೆಂದು ನಾನು ಹೇಳಿದ್ದಲ್ಲ, ಆದರೆ ಹೇಳದೆ ಬೇರೆ ದಾರಿಯೂ ಇರಲಿಲ್ಲ.

ಎತ್ತಿಸಿಕೊಳ್ಳುವುದು ಏನೆಂದು ನನಗೆ ಚೆನ್ನಾಗಿ ಗೊತ್ತು. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ಅಪ್ಪ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ನೆಲಕ್ಕೆ ಹಾಸುವ ಚಪ್ಪಟೆ ಫರಸಿ ಕಲ್ಲುಗಳನ್ನು ಎಬ್ಬಿಸಿ ಅಂಚು ಕೊರೆಯುವುದು ಅವನ ಕಸುಬು. ನಾಲ್ಕನೆಯ ತರಗತಿಯವರೆಗೆ ಪ್ರತಿದಿನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಆಮೇಲೆ ಗಣಿಗೆ ಹೋಗುತ್ತಿದ್ದ. ಅಪ್ಪನ ಹೆಗಲು ನನಗೆ ಇಷ್ಟವೇ ಆಗಿತ್ತು. ಆದರೆ ಒಂದು ದಿನ ಅವನಿಗೆ ಜ್ವರ ಬಂತು. ಗಣಿತದ ಪರೀಕ್ಷೆ ಇತ್ತು, ಎತ್ತಿಕೊಂಡು ಹೋಗುವವರು ಯಾರೂ ಸಿಗಲಿಲ್ಲ. ಹೊಸ್ತಿಲಲ್ಲಿ ಕುಳಿತು ಶಾಲೆಯ ಗಂಟೆ ಕೇಳಿದೆ. ನಮ್ಮ ಮನೆಯಿಂದ ಶಾಲೆ ಕಣ್ಣಿಗೆ ಕಾಣುತ್ತಿತ್ತು. ಎತ್ತುವವರು ಎಷ್ಟೇ ಪ್ರೀತಿಯವರಿದ್ದರೂ ಅವರು ಬಾರದ ದಿನ ನಾನು ಹೊಸ್ತಿಲಲ್ಲೇ ಉಳಿಯುತ್ತೇನೆ ಎಂದು ಅವತ್ತು ತಿಳಿಯಿತು. ಕ್ಯಾಲಿಪರ್ ಬಂದ ಮೇಲೆ ಎಷ್ಟು ಬಿದ್ದರೂ ನಾನೇ ನಡೆದು ಹೋದೆ.

ಇದನ್ನೆಲ್ಲ ಹೆಡ್ ಮಾಸ್ತರಿಗೆ ಹೇಳಲಿಲ್ಲ. ಅಂಗಳದ ಒಂದು ಮಗ್ಗುಲಿಗೆ ಮಕ್ಕಳು ಬಿಸಿಯೂಟ ಮಾಡುವ ತಗಡಿನ ಶೆಡ್ ಇತ್ತು. ಅದು ನೆಲಮಟ್ಟದಲ್ಲಿತ್ತು.

“ರ‍್ಯಾಂಪು ಆಗೋ ತನಕ ನನ್ನ ಕ್ಲಾಸು ಆ ಶೆಡ್ಡಿನಾಗ ತಗೋತೀನ್ರಿ,” ಅಂದೆ.

“ಹೊಸಾ ರ‍್ಯಾಂಪು ಎಂದ ಆಗ್ತದೋ ಏನೋ ಮೇಡಂ.”

“ಆಗ್ತದ್ರಿ. ಲೆಕ್ಕ ನಾ ಮಾಡ್ತೀನಿ.”

ಹೀಗೆ ಗಣಿತದ ತರಗತಿಗಳು ಶೆಡ್ಡಿಗೆ ಬಂದವು. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಯವರು ಪಾಳಿಯ ಮೇಲೆ ಇಳಿದು ಬರುತ್ತಿದ್ದರು. ಎತ್ತಿ ಒಯ್ಯುವಂಥ ಮರದ ಕಪ್ಪು ಹಲಗೆಯೊಂದನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿದೆವು. ಮಳೆ ಬಂದರೆ ತಗಡಿನ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಹನ್ನೆರಡು ಗಂಟೆಗೆ ಪಕ್ಕದ ಅಡುಗೆ ಕೋಣೆಯಿಂದ ಒಗ್ಗರಣೆ ವಾಸನೆ ಬಂತೆಂದರೆ ಮಕ್ಕಳ ಲಕ್ಷ್ಯ ಪಾಠದ ಮೇಲಿಂದ ಹಾರಿಹೋಗುತ್ತಿತ್ತು. ಆದರೆ ಶೆಡ್ ರಸ್ತೆಗೆ ಕಾಣುತ್ತಿತ್ತು. ಹೊಲಕ್ಕೆ ಹೋಗುವವರು, ಬಸ್ಸಿಗೆ ನಿಂತವರು ಎಲ್ಲರೂ ನೋಡುತ್ತಿದ್ದರು. ಶಾಲೆಯ ಸಮಿತಿಯವರಿಗೆ ಊರಿನವರೇ ಕೇಳತೊಡಗಿದರು: ಇಷ್ಟು ಕೋಣೆ ಇರುವಾಗ ಟೀಚರು ಹೊರಗೆ ಯಾಕೆ ಕುಂತಾರ?

ಎರಡನೆಯ ವಾರ ಹೆಡ್ ಮಾಸ್ತರು ಶೆಡ್ಡಿಗೆ ಬಂದು ನನ್ನ ಎದುರಿನ ಬೆಂಚಿನ ಮೇಲೆ ಕುಳಿತರು. ಸಮಿತಿ ಒಪ್ಪಿದೆ, ಇಟ್ಟಿಗೆ, ಸಿಮೆಂಟು ಊರಿನವರು ಕೊಡುತ್ತಾರೆ, ಇದೇ ಶಾಲೆಯಲ್ಲಿ ಓದಿ ಈಗ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕ ನಡೆಸುತ್ತಿರುವ ಒಬ್ಬರು ಮೇಲೆ ಹಾಸಲು ಫರಸಿ ಕಳಿಸುತ್ತಾರೆ.

“ಅವರು ಒಂದೇ ಮಾತು ಕೇಳ್ಯಾರ ಮೇಡಂ. ಎಷ್ಟ್ ಚದರ ಅಡಿ ಬೇಕು ಅಂತ. ಕಡಿಮಿ ಬಿದ್ರ ಮತ್ತ ಗಾಡಿ ಕಳಸೋದು ಆಗಂಗಿಲ್ಲಂತ.”

“ನಾಳೆ ಹೇಳ್ತೀನ್ರಿ,” ಅಂದೆ.

ಜಾಗದ ಬಗ್ಗೆ ಆಗಲೇ ಯೋಚಿಸಿದ್ದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ದಾರಿ ಇದ್ದರೆ ನನ್ನ ಕೈಬಲದಿಂದ ಕುರ್ಚಿ ಏರುತ್ತದೆ. ಎರಡು ಅಡಿಗೆ ಇಪ್ಪತ್ತನಾಲ್ಕು ಅಡಿ. ಮೆಟ್ಟಿಲಿನ ಎದುರಿಗೆ ಅಷ್ಟು ಜಾಗವಿಲ್ಲ. ಹದಿನಾಲ್ಕು ಅಡಿಗೇ ಧ್ವಜದ ಕಟ್ಟೆ ಬರುತ್ತದೆ. ವರಾಂಡದ ಪೂರ್ವದ ತುದಿಯಲ್ಲಿ ಮಾತ್ರ ದಾರಿ ಇತ್ತು. ಅಲ್ಲಿಯ ಗಿಡ್ಡ ಗೋಡೆ ಒಡೆದರೆ, ಅಡುಗೆ ಕೋಣೆಯ ಹಿಂದಿನ ಉದ್ದ ಗೋಡೆಗೆ ಅಂಟಿಕೊಂಡು ರ‍್ಯಾಂಪು ನೇರವಾಗಿ ಇಳಿಯಬಹುದು. ಅಗಲ ನಾಲ್ಕು ಅಡಿ.

ಮರುದಿನ ಒಂಬತ್ತನೆಯ ತರಗತಿಗೆ ಇದನ್ನೇ ಪಾಠ ಮಾಡಿದೆ. ಅವರ ಪುಸ್ತಕದಲ್ಲಿ ಶಂಕು ಇದೆ, ಗೋಳ ಇದೆ; ತ್ರಿಭುಜ ಪಟ್ಟಕ ಇಲ್ಲ. ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟು ಕತ್ತರಿಸಿ ಒಂದು ಪಟ್ಟಕ ಮಾಡಿಕೊಂಡು ಹೋಗಿದ್ದೆ. ಎರಡು ತುದಿಗೆ ಎರಡು ತ್ರಿಭುಜ, ಅವುಗಳನ್ನು ಕೂಡಿಸುವ ಮೂರು ಆಯತ. ಅಂಟು ಬಿಡಿಸಿ ಮೇಜಿನ ಮೇಲೆ ಹರವಿದೆ. ಐದು ತುಂಡು ಚಪ್ಪಟೆಯಾಗಿ ಮಲಗಿದವು.

“ಇಷ್ಟೇ ಇದು,” ಅಂದೆ. “ಒಂದೊಂದರ ವಿಸ್ತೀರ್ಣ ತೆಗೀರಿ, ಕೂಡಿಸ್ರಿ. ಸೂತ್ರ ಬಾಯಿಪಾಠ ಮಾಡೋದು ಏನೂ ಬ್ಯಾಡ.”

ರ‍್ಯಾಂಪಿನ ಅಳತೆ ಕೊಟ್ಟು ಪೂರ್ಣ ಮೇಲ್ಮೈ ವಿಸ್ತೀರ್ಣ ಕಂಡುಹಿಡಿಯಲು ಹೇಳಿದೆ. ಇಳಿಜಾರಿನ ಉದ್ದ ತೆಗೆಯುವುದು ಮೊದಲ ಕೆಲಸ. ಇಪ್ಪತ್ತನಾಲ್ಕರ ವರ್ಗ, ಎರಡರ ವರ್ಗ, ಎರಡೂ ಕೂಡಿಸಿ ವರ್ಗಮೂಲ. ಇಪ್ಪತ್ತನಾಲ್ಕು ಅಡಿ ಒಂದು ಇಂಚು ಬಂತು. ಅಷ್ಟು ದೂರ ಏರಿದರೂ ದಾರಿ ಬರೀ ಒಂದು ಇಂಚು ಉದ್ದವಾಯಿತೆಂದು ಮಕ್ಕಳಿಗೆ ಆಶ್ಚರ್ಯ. ಏರು ಅಷ್ಟು ಮೆತ್ತಗಿದ್ದರೆ ಮಾತ್ರ ನನಗೆ ನಡೆಯುತ್ತದೆ ಎಂದೆ. ಇಳಿಜಾರಿನ ಮುಖ ತೊಂಬತ್ತಾರು ಚದರ ಅಡಿ ಚಿಲ್ಲರೆ. ನೆಲದ ಮುಖ ತೊಂಬತ್ತಾರು. ವರಾಂಡಕ್ಕೆ ತಾಗುವ ಹಿಂಬದಿ ಎಂಟು. ಎರಡು ತ್ರಿಭುಜ ಒಂದೊಂದೂ ಇಪ್ಪತ್ತನಾಲ್ಕು. ಒಟ್ಟು ಇನ್ನೂರ ನಲವತ್ತೆಂಟು ಚಿಲ್ಲರೆ.

ವಹಿಗಳನ್ನು ತಿದ್ದುತ್ತ ಹೋದೆ. ಎಲ್ಲರದೂ ಹೆಚ್ಚುಕಡಿಮೆ ಅದೇ ಉತ್ತರ. ಒಬ್ಬ ಹುಡುಗಿ ಮಾತ್ರ ನೂರಾ ಇಪ್ಪತ್ತು ಚಿಲ್ಲರೆ ಎಂದು ಬರೆದಿದ್ದಳು. ಎರಡೇ ಮುಖ ತೆಗೆದುಕೊಂಡು ಮೂರು ಬಿಟ್ಟಿದ್ದಳು. ಕೈ ರೂಢಿಯಂತೆ ಕೆಂಪು ಪೆನ್ನಿನಿಂದ ತಪ್ಪು ಗುರುತು ಹಾಕಿ ವಹಿ ವಾಪಸು ಕೊಟ್ಟೆ. ಅವಳು ಹೋಗದೆ ನನ್ನ ಕುರ್ಚಿಯ ಪಕ್ಕದಲ್ಲೇ ನಿಂತಳು. ಬಿಸಿಯೂಟದ ಅಡುಗೆ ಮಾಡುವಾಕೆಯ ಮಗಳು ಅವಳು. ಕ್ಲಾಸಿನಲ್ಲಿ ಕೈ ಎತ್ತುವ ಪೈಕಿ ಅಲ್ಲ.

“ಏನವ್ವ?”

“ಟೀಚರ್, ಒಂದು ಬಾಜು ನಮ್ಮವ್ವನ ಅಡುಗಿ ಖೋಲಿ ಗ್ವಾಡಿಗಿ ಹತ್ತತದರಿ. ಅಲ್ಲಿ ಕಲ್ಲು ಹ್ಯಾಂಗ ಕೂಡಸ್ತಾರ್ರಿ?”

ಮೇಜಿನ ಮೇಲಿನ ರಟ್ಟಿನ ತುಂಡುಗಳನ್ನು ಮತ್ತೆ ನೋಡಿದೆ.

“ಕೆಳಗ ನೆಲ ಅದರಿ. ಹಿಂದ ವರಾಂಡದ ಕಟ್ಟಿ ಅದರಿ. ಮ್ಯಾಲ ಒಂದು, ಅಂಗಳದ ಬಾಜು ಒಂದು, ಎರಡೇ ಕಾಣ್ತಾವ್ರಿ,” ಅಂದಳು.

ನಾನು ಶಿಕ್ಷಕಿಯಾಗಿ ಇಪ್ಪತ್ತು ವರ್ಷ ದಾಟಿತ್ತು. ಘನಾಕೃತಿ ಎಂದರೆ ಅದು ಗಾಳಿಯಲ್ಲಿ ತೇಲುತ್ತಿರುತ್ತದೆ, ಎಲ್ಲ ಮುಖಗಳೂ ಬಯಲಿಗಿರುತ್ತವೆ ಎಂಬಂತೆಯೇ ಇಷ್ಟು ವರ್ಷ ಲೆಕ್ಕ ಕೊಟ್ಟಿದ್ದೆ. ಶಹಾಬಾದಿಗೆ ಫೋನ್ ಮಾಡಿ ಹೇಳಬೇಕಾಗಿದ್ದ ಅಂಕಿಯೂ ಇದೇ. ಬೇಕಾದದ್ದಕ್ಕಿಂತ ಎರಡು ಪಟ್ಟು ಕಲ್ಲು ತರಿಸಿ ಅಂಗಳದಲ್ಲಿ ಒಟ್ಟುತ್ತಿದ್ದೆನೋ ಏನೋ. ಇಲ್ಲ, ಫೋನ್ ಮಾಡುವ ಮೊದಲು ನಾನೇ ಎಚ್ಚರಾಗುತ್ತಿದ್ದೆ ಎಂದು ಹೇಳಿಕೊಳ್ಳಬಹುದು. ಆದರೆ ಆ ಕ್ಷಣಕ್ಕೆ ಎಚ್ಚರಿದ್ದವಳು ಅವಳು.

ವಹಿ ವಾಪಸು ತೆಗೆದುಕೊಂಡು ನನ್ನ ಗುರುತು ಹೊಡೆದುಹಾಕಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ: “ನಾ ಕೇಳಿದ ಪ್ರಶ್ನಿ ಬ್ಯಾರೆ. ನಮಗ ಬೇಕಾದ ಪ್ರಶ್ನಿ ಬ್ಯಾರೆ. ಪಟ್ಟಕಕ್ಕ ಐದು ಮುಖ. ನಮ್ಮ ಸಾಲಿ ರ‍್ಯಾಂಪಿಗಿ ಕಲ್ಲು ಬೇಕಾಗೋದು ಎರಡಕ್ಕೇ. ಈಕಿ ಸಾಲಿ ನೋಡಿ ಲೆಕ್ಕ ಮಾಡ್ಯಾಳ.”

ಹುಡುಗಿ ತನ್ನ ಜಾಗಕ್ಕೆ ಹೋಗಿ ಕುಳಿತಳು. ನಕ್ಕಳೋ ಇಲ್ಲವೋ ನೋಡಲಾಗಲಿಲ್ಲ, ತಲೆ ಬಗ್ಗಿಸಿದ್ದಳು.

ನೂರಾ ಇಪ್ಪತ್ತು ಎಂದು ಹೆಡ್ ಮಾಸ್ತರಿಗೆ ಹೇಳಿದೆ. ಫೋನ್ ಮಾಡುವ ಮೊದಲು ರ‍್ಯಾಂಪು ಕಟ್ಟುವ ಗೌಂಡಿಯೂ ಒಮ್ಮೆ ನೋಡಲಿ ಎಂದರು ಅವರು. ಗೌಂಡಿ ಸೇಡಂನವರು, ಅರವತ್ತು ದಾಟಿದವರು. ಸುತ್ತಲಿನ ಸಿಮೆಂಟ್ ಕಾರ್ಖಾನೆಗಳ ಕಾಲೊನಿ ಮನೆಗಳಲ್ಲಿ ಅರ್ಧದಷ್ಟಕ್ಕೆ ತಮ್ಮ ಕೈ ತಾಗಿದೆ ಎನ್ನುತ್ತಿದ್ದರು. ಸೈಕಲ್ ನಿಲ್ಲಿಸಿ ನೆಲ ನೋಡಿದರು, ಗೋಡೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

“ಇಪ್ಪತ್ತನಾಲ್ಕ್ ಫೂಟ್ ಯಾಕ್ರಿ ಟೀಚರ್ರ? ಇದೇನ್ ಮನಿಶ್ಯಾರ್ ಏರೋದಾ, ರೈಲು ಏರೋದಾ? ಎಂಟ್ ಫೂಟ್ ಹೊಡದ್ ಕೊಡ್ತೀನಿ, ಗಟ್ಟಿಮುಟ್ಟ ಇರ್ತದ.”

“ಕಾಕಾ, ಈ ಕುರ್ಚಿಮ್ಯಾಲ ನೀವ್ ಕುಂದ್ರಿ,” ಅಂದೆ. “ನಾ ಬೆಂಚಿನ ಮ್ಯಾಲ ಕುಂದರ್ತೀನಿ. ಆ ಹಳೀ ರ‍್ಯಾಂಪು ಕೈಲೆ ಗಾಲಿ ತಿರುವಿ ಏರಿ ತೋರಸ್ರಿ.”

ಅವರು ನಿಜಕ್ಕೂ ಕುಳಿತರು. ಹೆಡ್ ಮಾಸ್ತರು ಬೇಡ ಬೇಡವೆಂದರೂ ಕೇಳಲಿಲ್ಲ. ಹಿಂದೆ ಇಬ್ಬರನ್ನು ನಿಲ್ಲಿಸಿಕೊಂಡು ರ‍್ಯಾಂಪಿನ ಬುಡಕ್ಕೆ ಹೋಗಿ ಗಾಲಿ ತಿರುವಿದರು. ಒಂದು ಅಡಿಯೂ ಏರಲಿಲ್ಲ. ಇಳಿದು ಬಂದು ಕುರ್ಚಿಯ ಮೇಲಿನ ಧೂಳು ತಮ್ಮ ಟವಲಿನಿಂದ ಒರೆಸಿ ನನಗೆ ವಾಪಸು ಕೊಟ್ಟರು.

“ಇಪ್ಪತ್ತನಾಲ್ಕೇ ಮಾಡಮು,” ಅಂದರು.

ಆದರೆ ಅಳೆದು ನೋಡಿದಾಗ ಬೇರೆ ತೊಡಕು ಬಂತು. ವರಾಂಡದ ತುದಿಯಿಂದ ಇಪ್ಪತ್ತೈದು ಅಡಿಗೆ ಮಕ್ಕಳು ಕೈ ತೊಳೆಯುವ ನಳದ ಕಟ್ಟೆ. ರ‍್ಯಾಂಪು ಇಪ್ಪತ್ತನಾಲ್ಕು ಅಡಿಗೆ ಮುಗಿದರೆ ನಡುವೆ ಒಂದೇ ಅಡಿ ಉಳಿಯುತ್ತದೆ. ಕೆಳಗಿಳಿದ ಕುರ್ಚಿ ತಿರುಗಲು ಕಡಿಮೆಯೆಂದರೂ ಐದು ಅಡಿ ಬೇಕು.

“ಇಪ್ಪತ್ತ್ ಅಡಿಗಿ ಮುಗಸಮು ಮೇಡಂ,” ಹೆಡ್ ಮಾಸ್ತರು ಅಂದರು. “ನಾಲ್ಕ್ ಅಡಿ ಏನ್ ಫರಕ್ ಆಗ್ತದ?”

“ಆಗ್ತದ್ರಿ ಸರ್. ದಿನಾ ಏರೋ ಭುಜಕ್ಕ ಗೊತ್ತಾಗ್ತದ. ಹನ್ನೆರಡಕ್ಕ ಒಂದು, ಅದಕ್ಕಿಂತ ಕಡಿದು ಬ್ಯಾಡ.”

“ನಳದ ಕಟ್ಟಿ ಒಡದ್ರ ಪೈಪೆಲ್ಲ ಹೊಸಾದು ಹಾಕಬೇಕ್ರಿ. ಈ ವರ್ಷ ಆಗಂಗಿಲ್ಲ ಅದು.”

ನಾನು ಹಟ ಬಿಡಲಿಲ್ಲ, ಅವರ ಹತ್ತಿರ ದಾರಿಯೂ ಇರಲಿಲ್ಲ. ಆ ಹೊತ್ತಿನಲ್ಲಿ ಗೌಂಡಿ ಕಾಕಾ ತಮ್ಮ ಚೀಲದಿಂದ ಪಾರದರ್ಶಕ ಪ್ಲಾಸ್ಟಿಕ್ ಪೈಪು ತೆಗೆದು ಅದಕ್ಕೆ ನೀರು ತುಂಬಿಸುತ್ತಿದ್ದರು. ಮಟ್ಟ ನೋಡಲು ಗೌಂಡಿಗಳು ಬಳಸುವ ಪೈಪು. ಎರಡೂ ತುದಿಗಳಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಅಡುಗೆಯಾಕೆಯ ಕೈಗೆ ಒಂದು ತುದಿ ಕೊಟ್ಟು ವರಾಂಡದ ಹತ್ತಿರ ನಿಲ್ಲಿಸಿ, ಇನ್ನೊಂದು ತುದಿ ಹಿಡಿದು ತಾವು ಗೋಡೆಗುಂಟ ನಡೆದರು. ನಡೆಯುತ್ತ ಪೆನ್ಸಿಲಿನಿಂದ ಗೋಡೆಯ ಮೇಲೆ ಗೆರೆ ಹಾಕಿದರು. ಆಮೇಲೆ ಟೇಪು ಹಿಡಿದು ನೋಡಿ ನನ್ನ ಹತ್ತಿರ ಬಂದರು.

“ಟೀಚರ್ರ, ನೀವ್ ನೆಲ ಸಪಾಟ ಅದ ಅಂತ ತಿಳಕೊಂಡೀರಿ?”

“ಹೌದ್ರಿ.”

“ಸಪಾಟ ಇಲ್ರಿ. ನಳ ಕಟ್ಟುವಾಗ ಆ ಕಡಿಂದ ಮೊರಂ ಮಣ್ಣು ಹಾಕಿ ಬಡದಾರ. ನೆಲ ಅತ್ತಗ ಏರಿಕೋತ ಹೋಗ್ಯಾದ. ಇಪ್ಪತ್ತ್ ಫೂಟಿನ ಮ್ಯಾಲ ಬರೋಬ್ಬರಿ ನಾಲ್ಕ್ ಇಂಚು ಎತ್ತರ ಅದ.”

ಹೇಳಿದ ಕೂಡಲೇ ನನ್ನ ತಲೆಯಲ್ಲಿ ಲೆಕ್ಕ ಕೂಡಿಕೊಂಡಿತು. ಎರಡು ಅಡಿ ಅಂದರೆ ಇಪ್ಪತ್ತನಾಲ್ಕು ಇಂಚು. ಅದರಲ್ಲಿ ನಾಲ್ಕು ಇಂಚನ್ನು ನೆಲವೇ ಏರಿ ಕೊಟ್ಟಿದೆ. ಉಳಿದದ್ದು ಇಪ್ಪತ್ತು ಇಂಚು. ಇಪ್ಪತ್ತು ಇಂಚು ಏರಲು ಇಪ್ಪತ್ತು ಅಡಿ ಸಾಕು. ಹನ್ನೆರಡಕ್ಕೆ ಒಂದು. ಕೆಳಗೆ ಐದು ಅಡಿ ಜಾಗ ಉಳಿಯುತ್ತದೆ.

“ಕಾಕಾ, ಇಪ್ಪತ್ತ್ ಫೂಟಿಗೇ ಮುಗಸ್ರಿ,” ಅಂದೆ.

ಹೆಡ್ ಮಾಸ್ತರು ನನ್ನ ಮುಖ ನೋಡಿದರು. “ನಾನೂ ಅದೇ ಅಂದಿದ್ನಲ್ಲರಿ ಮೇಡಂ.”

“ನೀವ್ ಅಂದಾಗ ಲೆಕ್ಕ ಇರಲಿಲ್ಲ ಸರ್. ಈಗದ,” ಅಂದೆ. ಅವರು ನಕ್ಕುಬಿಟ್ಟರು. ಆ ಶಾಲೆಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ. ನನಗೂ ನಗು ಬಂತು. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ. ನೆಲವನ್ನು ನೋಡದೆ ಲೆಕ್ಕ ಮಾಡಿದ್ದು ತಪ್ಪು. ಒಂದೇ ವಾರದಲ್ಲಿ ಇದು ಎರಡನೆಯ ಸಲ. ಕಲಿಸುವವಳಿಗೆ ಅದು ಅಷ್ಟು ಸುಖದ ಸಂಗತಿ ಅಲ್ಲ, ಆದರೆ ಅವತ್ತು ನನಗೆ ಖುಷಿಯೇ ಆಗಿತ್ತು.

ಹೊಸ ಅಳತೆ ಇಟ್ಟುಕೊಂಡು ಒಂಬತ್ತನೆಯ ತರಗತಿಗೆ ಮತ್ತೆ ಲೆಕ್ಕ ಕೊಟ್ಟೆ. ಇಳಿಜಾರಿನ ಮುಖ ಸುಲಭವಾಗಿ ಬಂತು: ಉದ್ದ ಇಪ್ಪತ್ತು ಅಡಿ, ಮೇಲೆ ಒಂದು ಇಂಚಿಗೂ ಕಡಿಮೆ, ಅಗಲ ನಾಲ್ಕು, ಎಂಬತ್ತು ಚದರ ಅಡಿ ಚಿಲ್ಲರೆ. ತ್ರಿಭುಜದ ಹತ್ತಿರ ಎಲ್ಲರೂ ನಿಂತರು. ಕೆಳಗಿನ ಗೆರೆ ಈಗ ಅಡ್ಡ ಗೆರೆ ಅಲ್ಲ, ಸ್ವಲ್ಪ ಏರಿದೆ. ಹೀಗಾಗಿ ಲಂಬಕೋನವೂ ಇಲ್ಲ. ಅರ್ಧ ಗುಣಿಸು ಪಾದ ಗುಣಿಸು ಎತ್ತರ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇದರಲ್ಲಿ ಪಾದ ಯಾವುದು, ಎತ್ತರ ಯಾವುದು?

“ಹಲಗಿ ಮಗ್ಗಲಾಗಿ ನಿಲ್ಲಸ್ರಿ,” ಎಂದು ಮುಂದೆ ಕುಳಿತ ಇಬ್ಬರು ಹುಡುಗಿಯರಿಗೆ ಹೇಳಿದೆ. ಚಿತ್ರದ ಸಮೇತ ಹಲಗೆಯನ್ನು ಮಗ್ಗುಲಿಗೆ ತಿರುಗಿಸಿ ಕಂಬಕ್ಕೆ ಒರಗಿಸಿದರು. ವರಾಂಡಕ್ಕೆ ತಾಗುವ ಎರಡು ಅಡಿಯ ನೆಟ್ಟಗಿನ ಗೆರೆ ಈಗ ಕೆಳಗೆ ಮಲಗಿತು. ತ್ರಿಭುಜ ಅದರ ಮೇಲೆ ನಿಂತ ಉದ್ದ ಕೋಲಿನಂತೆ ಕಂಡಿತು. ಅದರ ತುದಿ ಆ ಗೆರೆಯಿಂದ ಇಪ್ಪತ್ತು ಅಡಿ ದೂರ. ಪಾದ ಎರಡು, ಎತ್ತರ ಇಪ್ಪತ್ತು, ಅರ್ಧ ಮಾಡಿದರೆ ಇಪ್ಪತ್ತು. ಯಾರೋ ಹಿಂದಿನಿಂದ ಜೋರಾಗಿ ಹೇಳಿದರು, ಉಳಿದವರು ಬರೆದುಕೊಂಡರು. ಎಂಬತ್ತು ಮತ್ತು ಇಪ್ಪತ್ತು ಕೂಡಿದರೆ ನೂರು. ಒಡೆಯುವುದು, ಕೊರೆಯುವಾಗ ಹಾಳಾಗುವುದು ಎಂದು ಹತ್ತು ಸೇರಿಸಿ ನೂರಾ ಹತ್ತು.

ಫೋನ್ ನಾನೇ ಮಾಡಿದೆ. ಶಹಾಬಾದಿನ ಆ ಸಾಹುಕಾರರು ಸಂತೋಷದಿಂದ ಮಾತಾಡಿದರು.

“ಪಾಲಿಶ್ ಹೊಡದದ್ದೇ ಕಳಸ್ತೀನ್ರಿ ಮೇಡಂ. ಕನ್ನಡಿ ಇದ್ದಂಗ ಇರ್ತದ. ಮುಖ ನೋಡಕೋಬಹುದು.”

“ಇಳಿಜಾರಿಗಿ ಪಾಲಿಶ್ ಬ್ಯಾಡ್ರಿ. ಗಣಿಯಿಂದ ಎಬ್ಬಿಸಿದ್ದು ಹ್ಯಾಂಗದನೋ ಹಂಗೇ, ಖರಬರ ಇದ್ದದ್ದು ಕಳಸ್ರಿ. ಮಳಿಯಾಗ ಪಾಲಿಶ್ ಕಲ್ಲಿನಮ್ಯಾಲ ಗಾಲಿ ನಿಲ್ಲಂಗಿಲ್ಲ.”

ಅವರು ಕೇಳಿದರು: “ಕಲ್ಲಿನ ಬಗ್ಗೆ ನಿಮಗ ಹ್ಯಾಂಗ ಗೊತ್ತು?”

“ನಾನೂ ಶಹಾಬಾದಿನಾಕೀನೇ ಅದೀನ್ರಿ,” ಅಂದೆ. ಅಪ್ಪ ಯಾವ ಗಣಿಯಲ್ಲಿದ್ದ ಎಂದು ಕೇಳಿದರು, ಹೇಳಿದೆ. ಆ ಗಣಿ ಮುಚ್ಚಿ ಬಹಳ ವರ್ಷವಾಯಿತಂತೆ. ಈಗ ಅಲ್ಲಿ ನೀರು ನಿಂತಿದೆಯಂತೆ.

ಜುಲೈ ಮಧ್ಯದಲ್ಲಿ ಕಲ್ಲಿನ ಗಾಡಿ ಬಂತು. ಕಾಕಾ ಮತ್ತು ಅವರ ಜೊತೆಗಾರ ಒಂಬತ್ತು ದಿನ ಕೆಲಸ ಮಾಡಿದರು. ನಡುವೆ ಎರಡು ದಿನ ಮಳೆ ಹಿಡಿದು ನಿಂತಿತು. ನಾನು ಶೆಡ್ಡಿನಲ್ಲಿ ಪಾಠ ಮಾಡುತ್ತಲೇ ಅವರ ಕೆಲಸ ನೋಡುತ್ತಿದ್ದೆ. ಕಲ್ಲು ಹಾಸಿದ ಮೇಲೆ, ಯಾರೂ ಹೇಳದಿದ್ದರೂ, ಕಾಕಾ ಉಳಿ ಹಿಡಿದು ಅಂಗೈ ಅಗಲಕ್ಕೊಂದರಂತೆ ಅಡ್ಡ ಗೆರೆಗಳನ್ನು ಕೊರೆದರು. ಅಂಗಳದ ಕಡೆಗೆ ಗಾಲಿ ಜಾರಿ ಹೊರಗೆ ಹೋಗದಂತೆ ಗಿಡ್ಡ ಅಂಚು ಕಟ್ಟಿದರು. ಕಲ್ಲಿನಲ್ಲಿ ಉಳಿದದ್ದು ನಾಲ್ಕು ತುಂಡು. ಅವನ್ನು ಅಡುಗೆಯಾಕೆ ಪಾತ್ರೆ ತೊಳೆಯುವ ಜಾಗಕ್ಕೆ ಹಾಸಿಕೊಂಡಳು.

ಕೆಲಸ ಮುಗಿದ ಮೇಲೂ ಒಂದು ವಾರ ಯಾರೂ ಮೇಲೆ ಕಾಲಿಡಬಾರದೆಂದು ಕಾಕಾ ಹಗ್ಗ ಕಟ್ಟಿ ಹೋದರು. ಗೋಣಿ ಚೀಲ ಹೊದಿಸಿ ಮಕ್ಕಳು ದಿನಾ ನೀರು ಹೊಡೆದರು. ಎಂಟನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹೆಡ್ ಮಾಸ್ತರು ತಾವೇ ಹಗ್ಗ ಬಿಚ್ಚಿದರು. ಚಪ್ಪಾಳೆ, ಹಾರ ಏನೂ ಬೇಡವೆಂದು ಮೊದಲೇ ಹೇಳಿದ್ದೆ. ಮಕ್ಕಳನ್ನು ತರಗತಿಗೆ ಕಳಿಸಿದ್ದರು.

ಗಾಲಿ ತಿರುವಿದೆ. ಉಳಿಯ ಗೆರೆಗಳ ಮೇಲೆ ಗಾಲಿ ಕರಕರ ಸದ್ದು ಮಾಡಿತು. ಹತ್ತು ಅಡಿಯವರೆಗೆ ಏನೂ ಅನಿಸಲಿಲ್ಲ. ಅಲ್ಲಿಂದ ಮುಂದೆ ತೋಳು ಬಿಗಿಯಿತು, ಉಸಿರು ಸ್ವಲ್ಪ ಏರಿತು, ಆದರೆ ಕುರ್ಚಿ ಎಲ್ಲಿಯೂ ಹಿಂದೆ ಸರಿಯಲಿಲ್ಲ. ಪಕ್ಕದ ಗೋಡೆಯ ಆಚೆ ಅಡುಗೆಯಾಕೆ ಬೇಳೆ ತೊಳೆಯುವುದು ಕೇಳುತ್ತಿತ್ತು. ವರಾಂಡಕ್ಕೆ ಬಂದು ನಿಂತೆ. ಅಲ್ಲಿಂದ ಶಾಲೆಯ ಅಂಗಳ ಪೂರ್ತಿ ಕಂಡಿತು. ಎರಡು ತಿಂಗಳು ಆ ಅಂಗಳವನ್ನು ಕೆಳಗಿನಿಂದಷ್ಟೇ ನೋಡಿದ್ದೆ. ಒಂಬತ್ತನೆಯ ತರಗತಿಯ ಬಾಗಿಲಲ್ಲಿ ಹೋಗಿ ನಿಂತಾಗ ಮಕ್ಕಳು ಎದ್ದು ನಿಂತು ಎಂದಿನಂತೆ ನಮಸ್ತೆ ಹೇಳಿದರು. “ಕುಂದ್ರಿ,” ಎಂದು ಹಾಜರಿ ಕರೆದೆ. ಅವತ್ತು ಎರಡು ಬಾರಿ ನಾನೇ ಇಳಿದು ನಾನೇ ಏರಿದೆ. ಯಾರನ್ನೂ ಕೇಳಲಿಲ್ಲ.

ನನಗಾಗಿ ಕಟ್ಟಿದ ರ‍್ಯಾಂಪನ್ನು ನನಗಿಂತ ಹೆಚ್ಚು ಬೇರೆಯವರು ಬಳಸಿದರು. ಅಡುಗೆಯಾಕೆ ಅಕ್ಕಿ ಚೀಲಗಳನ್ನು ತಳ್ಳುಗಾಡಿಯಲ್ಲಿ ಹಾಕಿ ವರಾಂಡದ ಮೇಲಿನ ಉಗ್ರಾಣಕ್ಕೆ ಏರಿಸತೊಡಗಿದಳು. ಪಾಲಕರ ಸಭೆಗೆ ಮೊಣಕಾಲು ನೋವಿನ ಅಜ್ಜಿಯರು ಮೆಟ್ಟಿಲು ಬಿಟ್ಟು ಆ ಕಡೆಯಿಂದ ಬಂದರು. ಮರುವರ್ಷ, ಹುಟ್ಟಿನಿಂದ ಕಾಲು ಬಾರದ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು ಎಂಟನೆಯ ತರಗತಿಗೆ ಸೇರಿದಳು. ಏಳರವರೆಗೆ ಓದಿ ಸಾಕೆಂದು ಮನೆಯಲ್ಲಿ ನಿಲ್ಲಿಸಿದ್ದರಂತೆ. ಅವಳ ತಾಯಿ ಬಂದು ಮೊದಲು ರ‍್ಯಾಂಪು ಏರಿ ಇಳಿದು ನೋಡಿ, ಆಮೇಲೆ ಅರ್ಜಿ ತುಂಬಿದಳು.

ಮತ್ತೆ ವರ್ಗಾವಣೆಯಾಗಿ ನಾನೀಗ ಚಿತ್ತಾಪುರ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೇನೆ. ಹೋದ ಚಳಿಗಾಲದಲ್ಲಿ ಕಾಕಾ ಫೋನ್ ಮಾಡಿದರು.

“ಟೀಚರ್ರ, ಚಿಂಚೋಳಿ ಕಡಿ ಹಳ್ಳ್ಯಾಗ ಒಂದು ಸಣ್ಣ ದವಾಖಾನಿ ಕೆಲಸ ಸಿಕ್ಕದ. ಮೂವತ್ತ್ ಇಂಚು ಎತ್ತರ ಅದ, ಎದುರಿಗಿ ಬರೇ ಇಪ್ಪತ್ತೆರಡ್ ಫೂಟ್ ಜಾಗಾ. ಅವರು ಕಡಿದಾಗೇ ಹೊಡೀರಿ ಅನ್ನಲಿಕತ್ತಾರ. ನಾ ಆಗಂಗಿಲ್ಲ ಅಂದೀನಿ. ಏನ್ ಮಾಡಮು?”

“ಹದಿನೈದ್ ಫೂಟ್ ಏರಸ್ರಿ, ಒಂದು ಕಟ್ಟಿ ಮಾಡ್ರಿ, ಅಲ್ಲಿಂದ ತಿರುವಿ ಮತ್ತ ಹದಿನೈದ್ ಫೂಟ್ ತರ್ರಿ. ಕಟ್ಟಿ ಐದ್ ಫೂಟಿಗಿ ಕಡಿಮಿ ಬ್ಯಾಡ, ಕುರ್ಚಿ ತಿರುಗಬೇಕು.”

“ಕಲ್ಲು?”

“ಎಷ್ಟ್ ಮುಖ ಹೊರಗ ಕಾಣ್ತಾವ, ಮೊದಲ ಅದ್ ಹೇಳ್ರಿ.”

ಅವರು ಅಲ್ಲೇ ನಿಂತು ಎಣಿಸಿ ಹೇಳಿದರು. ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಬರೆದುಕೊಂಡೆ. ಎರಡು ಇಳಿಜಾರು, ಒಂದು ಕಟ್ಟೆ. ಆಕೃತಿ ಈ ಸಲ ಸ್ವಲ್ಪ ಕಠಿಣ. ಊಟದ ಬಿಡುವು ಮುಗಿಯುವುದರೊಳಗೆ ಉತ್ತರ ತೆಗೆದು ಅವರಿಗೆ ತಿಳಿಸಿದೆ. ಸಂಕ್ರಾಂತಿಯ ಹೊತ್ತಿಗೆ ಕೆಲಸ ಮುಗಿಯಿತಂತೆ. ತುಂಬು ಬಸುರಿಯೊಬ್ಬಳು ಗೋಡೆ ಹಿಡಿದುಕೊಂಡು, ನಡುವಿನ ಕಟ್ಟೆಯ ಮೇಲೆ ಸ್ವಲ್ಪ ನಿಂತು ದಣಿವಾರಿಸಿಕೊಂಡು ಒಳಗೆ ಹೋದದ್ದನ್ನು ಕಾಕಾ ತಾವೇ ನೋಡಿದರಂತೆ. ಕಟ್ಟೆಯ ಪಕ್ಕದಲ್ಲಿ ಕುಳಿತುಕೊಳ್ಳಲು ಒಂದು ಕಲ್ಲು ಹಾಕಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಆಗ ಹೊಳೆಯಿತಂತೆ. ಮರುವಾರ ಹೋಗಿ ಅದನ್ನೂ ಹಾಕಿ ಬಂದಿದ್ದಾರೆ.